ಕಪ್ಪೆಯ ಒಪ್ಪಿಗೆ

ಒಂದರಂತೆಯೇ ಇನ್ನೊಂದಿರುವ ಎಲೆಕ್ಟ್ರಾನುಗಳ ಮೇಲೆ ಡಾಕ್ಟರೇಟ್ ಮಾಡಿದ್ದ ಮೇದಿನಿ, ಜೀವವಿಜ್ಞಾನಕ್ಕೆ ದಾಟುವ ಯುವ ಭೌತವಿಜ್ಞಾನಿಗಳ ಅನುದಾನಕ್ಕಾಗಿ ಮತ್ತೆ ಸಂದರ್ಶನಕ್ಕೆ ಕುಳಿತಿದ್ದಳು. ವಯಸ್ಸು ಮೀರುತ್ತಿತ್ತು; ಇದೇ ಕೊನೆಯ ಅವಕಾಶ. ಪ್ರೊಫೆಸರುಗಳೆಲ್ಲ ಹೂಂ ಅಂದಿದ್ದರು. ಬಾಕಿಯಿದ್ದದ್ದು, ಪ್ರಯೋಗಕ್ಕೆ ಒಳಗಾಗುವವರ ಪ್ರತಿನಿಧಿಯಾಗಿ ಎಂದಿನಂತೆ ಒದ್ದೆ ಟವೆಲಿನ ಮೇಲೆ ಕೂತಿದ್ದ ಕಪ್ಪೆಯ ಒಪ್ಪಿಗೆ ಮಾತ್ರ. ಹೋದ ವರ್ಷ ಅಡ್ಡಗಾಲು ಹಾಕಿದ್ದು ಕಪ್ಪೆಯೇ.

"ಹೋದ್ಸಲ ನಿಮ್ಮನ್ನ ಬೇಡ ಅಂದಿದ್ದು ನಾನೇನಾ ಮೇಡಂ?" ಎಂದು ಅದು ಕೇಳಿತು.

ಮೇದಿನಿ ದಿಟ್ಟಿಸಿದಳು. ಅದೇ ಹಸಿರು, ಅದೇ ಉಬ್ಬುಗಣ್ಣು. ಮೈ ಉರಿಯಿತು. "ಯಾರಾದ್ರೇನ್ರೀ? ಕಪ್ಪೆಗಳೆಲ್ಲಾ ಒಂದೇ ಅಲ್ವಾ?"

ಪ್ರೊಫೆಸರೊಬ್ಬರು ಹಣೆ ಚಚ್ಚಿಕೊಂಡರು.

"ಹೋದ್ಸಲ ಕೂತಿದ್ದೋರು ನಮ್ಮತ್ತೆ," ಎಂದಿತು ಕಪ್ಪೆ. "ನೀವು ಎಲೆಕ್ಟ್ರಾನ್ ಹತ್ರಾನೇ ಇದ್ಬಿಡಿ ಮೇಡಂ. ಅವಕ್ಕೆ ಅತ್ತೆ ಇರಲ್ಲ."