ಸತ್ತೆಪ್ಪ ಕಾಕಾನ ಕೈಗೆ ಮಣ್ಣು

ಚಪಾತಿಗೆಂದು ನಾದಿಟ್ಟಿದ್ದ ಕಣಕ ಪಾತ್ರೆಯಲ್ಲಿರಲಿಲ್ಲ. ನೀಲಮ ಹಿತ್ತಲಿಗೆ ಬಂದು ನೋಡಿದರೆ, ಅವಳ ಕಾಕಾ ಸತ್ತೆಪ್ಪ ಕಟ್ಟೆಯ ಮೇಲೆ ಕೂತು ಅದರಲ್ಲಿ ಒಂದು ಮುಖ ಮಾಡುತ್ತಿದ್ದ. ಅವಳನ್ನು ಕಂಡದ್ದೇ ಗಡಬಡಿಸಿ ಎಲ್ಲವನ್ನೂ ಮುದ್ದೆ ಮಾಡಿಬಿಟ್ಟ.

“ತಪ್ಪಾತು ನೀಲೂ. ಕೈ ಕೇಳಲಿಲ್ಲ.”

ಒಂದು ಕಾಲಕ್ಕೆ ಸತ್ತೆಪ್ಪ ಮಣ್ಣಿನಲ್ಲಿ ಮಾಡಿದ ಬುದ್ಧನ ಮೂರ್ತಿ ನೋಡಲು ಕೊಲ್ಹಾಪುರ, ಪುಣೆಯಿಂದ ಜನ ಅವನ ಊರು ಅಕ್ಕೋಳಕ್ಕೆ ಬರುತ್ತಿದ್ದರು. ಆಮೇಲೆ ಅವನಿಗೆ ಬುದ್ಧಿಭ್ರಮಣೆಯಾಯಿತು. ಆಸ್ಪತ್ರೆಯಿಂದ ಕರೆತಂದ ದಿನವೇ ತಾಯಿ ಸುಂದರಾ, ಮಣ್ಣೇ ಮಗನ ತಲೆ ಕೆಡಿಸಿತೆಂದು, ಮನೆಯಲ್ಲಿದ್ದ ಮೂರ್ತಿಗಳನ್ನೆಲ್ಲ ಒನಕೆಯಿಂದ ಒಡೆದು ಹಾಕಿದಳು. ಅಂದಿನಿಂದ ಅವನು ಆಡು ಕಾಯ್ದ, ಮಣ್ಣು ಮುಟ್ಟಲಿಲ್ಲ. ಹೋದ ವರ್ಷ ಆಕೆ ತೀರಿಕೊಂಡ ಮೇಲೆ, ಆಕೆಯನ್ನು ಆಯಿ ಎನ್ನುತ್ತಿದ್ದ ಮೊಮ್ಮಗಳು, ಸತ್ತೆಪ್ಪನ ಅಣ್ಣನ ಮಗಳು ನೀಲಮ, ಅವನನ್ನು ನಿಪ್ಪಾಣಿಯ ತನ್ನ ಮನೆಗೆ ಕರೆತಂದಿದ್ದಳು.

ಕಣಕದ ಸುದ್ದಿ ಕೇಳಿ ಅವಳ ಗಂಡ ರೂಪೇಶ ಹೆದರಿದ. “ನಿಮ್ಮ ಆಯಿ ಸಾಯೂ ಮುಂದ ಏನ ಹೇಳಿದ್ರು? ಮಣ್ಣ ಕೊಡಬ್ಯಾಡ್ರಿ ಅಂತ. ಮತ್ತ ತಲಿ ಕೆಟ್ರ?”

“ಡಾಕ್ಟರನ್ನ ಕೇಳೇನ್ರಿ. ಗುಳಿಗಿ ತಪ್ಪದಿದ್ರ ಸಾಕು ಅಂದಾರ. ಇಲ್ಲಿಗೆ ಬಂದಾಗಿಂದ ಕಾಕಾ ಏನರೇ ಬೇಕು ಅಂದಾರೇನು? ಇವತ್ತ ಅವ್ರ ಕೈ ಮಣ್ಣ ಬೇಡೇತಿ.”

ಐತವಾರ ರೂಪೇಶನೇ ಸದಲಗಾಕ್ಕೆ ಹೋಗಿ, ದೂಧಗಂಗೆಯ ದಂಡೆಯ ಮಣ್ಣನ್ನು ಚೀಲದಲ್ಲಿ ತುಂಬಿ ಸ್ಕೂಟರಿನ ಮೇಲೆ ತಂದ. ಸತ್ತೆಪ್ಪ ಹತ್ತಿರ ಹೋಗಲಿಲ್ಲ. ಮಧ್ಯಾಹ್ನವೆಲ್ಲ ಬಾಗಿಲಲ್ಲಿ ಕೂತು ಚೀಲವನ್ನೇ ನೋಡಿದ.

“ಮುಟ್ರಿ ಕಾಕಾ. ಯಾರೂ ಬೈಯೂದಿಲ್ಲ.”

ಹೊತ್ತು ಇಳಿಯುವಾಗ ಎದ್ದು ಹೋಗಿ ಎರಡೂ ಕೈ ಮೊಣಕೈತನಕ ಚೀಲದೊಳಗೆ ಇಳಿಬಿಟ್ಟ. ಹಾಗೆಯೇ ಕಣ್ಣು ಮುಚ್ಚಿ ನಿಂತ.

ಗುಳಿಗೆ ತಪ್ಪಲಿಲ್ಲ, ನಿದ್ದೆಯೂ ಕೆಡಲಿಲ್ಲ. ಮಾಡಿದ, ಕೆಡಿಸಿದ, ಮತ್ತೆ ಮಾಡಿದ. ಮಳೆಗಾಲ ಮುಗಿಯುವ ಹೊತ್ತಿಗೆ ಹಿತ್ತಲಲ್ಲಿ ಒಬ್ಬ ಹೆಂಗಸು ನಿಂತಳು. ತಲೆಯ ಮೇಲೆ ಸೆರಗು, ಎತ್ತಿ ಹಿಡಿದ ಒನಕೆ. ನೀಲಮಗೆ ಗುರುತು ಹತ್ತಿದ್ದೇ ಸಿಟ್ಟು ಬಂತು.

“ಆಯೀನ ಯಾಕ ಮಾಡಿದ್ರಿ ಕಾಕಾ? ನಿಮ್ಮ ಕೆಲಸಾ ಎಲ್ಲಾ ಪುಡಿ ಮಾಡಿದಾಕಿನ್ನ?”

ಸತ್ತೆಪ್ಪ ಬೆರಳು ಒದ್ದೆ ಮಾಡಿಕೊಂಡು ಮೂರ್ತಿಯ ಮುಂಗೈ ಸವರಿದ.

“ಎಷ್ಟ ತಿದ್ದಿದ್ರೂ ಈ ಕೈ ಬರವಲ್ದು ನೋಡ ನೀಲೂ. ಮೂರ್ತಿ ಒಡಿಯೂ ಮುಂದ ಅವ್ವನ ಕೈ ನಡಗಾಕತ್ತಿದ್ದುವು.”