ಬಲಗಡೆಯ ಕಿಸೆ

ಕೋಟು ಹೊಸದಾಗಿತ್ತು, ಕಿಸೆ ಮಾತ್ರ ಬಲಕ್ಕೆ ಬಂದಿತ್ತು. ದರ್ಜಿ ಗೌಸಮೊದ್ದೀನ ಹಿಡಿದ ಕನ್ನಡಿಯ ಮುಂದೆ ನಿಂತು ಉಳವಪ್ಪ ಎಡಗಡೆಯ ಎದೆಯನ್ನು ಸವರಿ ನೋಡಿಕೊಂಡ. ಎರಡು ವರ್ಷ ಅಲ್ಲಿದ್ದ ಕಿಸೆ ಇರಲಿಲ್ಲ. ಮೊಣಕೈ ಬೆಳ್ಳಗಾಗಿ ಬೆನ್ನು ಬಣ್ಣಗೆಟ್ಟಿದ್ದ ಕೋಟಿನ ಹೊಲಿಗೆಯನ್ನೆಲ್ಲ ಬಿಚ್ಚಿ, ಒಳಮೈಯನ್ನು ಹೊರಗೆ ಮಾಡಿ ಗೌಸಮೊದ್ದೀನ ಮತ್ತೆ ಹೊಲಿದಿದ್ದ. ಬಿಸಿಲು ಕಾಣದ ಒಳಗಿನ ಬಟ್ಟೆ ಆಗಷ್ಟೇ ಅಂಗಡಿಯ ಥಾನಿನಿಂದ ಕತ್ತರಿಸಿದಂತಿತ್ತು. ಹೀಗೆ ತಿರುವಿದ ಮೇಲೆ ಎಡದ್ದು ಬಲಕ್ಕೆ ಬಂದೇ ಬರುತ್ತದೆ, ಗುಂಡಿಗಳನ್ನು ಹೇಗೋ ಸರಿಪಡಿಸಬಹುದು, ಕಿಸೆಗೆ ಮಾತ್ರ ಉಪಾಯವಿಲ್ಲ ಎಂದು ಅವನು ಸಮಾಧಾನ ಹೇಳಿದ.

“ಮಂದಿ ಬಟ್ಟಿ ನೋಡ್ತಾರ್ರಿ, ಕಿಸೆ ಯಾಂವ ನೋಡ್ತಾನ? ದೊಡ್ಡ ದೊಡ್ಡವರು ಇಂಥಾವ ಹಾಕ್ಕೊಂಡು ಅಡ್ಡಾಡಾಕತ್ತಾರ.”

ಈ ಕೋಟು ಉಳವಪ್ಪನ ಬಾಳಿನ ದೊಡ್ಡ ಮೂರ್ಖತನ. ಹುಬ್ಬಳ್ಳಿಯ ಒಂದು ಅರಳೆ ಕಂಪನಿಯಲ್ಲಿ ಅವನು ಹಂಗಾಮಿ ಗುಮಾಸ್ತ. ಪಗಾರ ಇಪ್ಪತ್ನಾಲ್ಕು ರೂಪಾಯಿ, ಕೋಟಿಗೆ ಸುರಿದದ್ದು ಮೂವತ್ತೆರಡು. ಅವನು ಓದುತ್ತಿದ್ದ ಪರದೇಶದ ಕಾದಂಬರಿಗಳಲ್ಲಿ ಬಡವರು ಕೂಡ ಕೋಟು ಹಾಕಿಕೊಂಡೇ ಬಡವರಾಗಿರುತ್ತಿದ್ದರು. ಕೋಟಿಲ್ಲದ ಬಡತನ ಅವನಿಗೆ ಬರೀ ಬಡತನವೆನಿಸಿತ್ತು. ಆ ಪುಸ್ತಕಗಳಲ್ಲಿ ಹಿಮ ಬೀಳುತ್ತಿತ್ತು, ಹುಬ್ಬಳ್ಳಿಯಲ್ಲಿ ಧೂಳು ಏಳುತ್ತಿತ್ತು ಎಂಬ ಅಂತರ ಹೊಳೆದದ್ದು ಏಪ್ರಿಲ್ ತಿಂಗಳಲ್ಲಿ, ಬೆವರಿನಿಂದ ಅಂಗಿ ಬೆನ್ನಿಗಂಟಿದಾಗ. ಅಷ್ಟರಲ್ಲಿ ದುಡ್ಡು ದರ್ಜಿಯ ಕೈ ಸೇರಿತ್ತು.

ಮ್ಯಾನೇಜರ್ ಮೈಲಾರಪ್ಪನವರದು ಬೇರೆಯೇ ಶಾಸ್ತ್ರ. ಬಟ್ಟೆಗೆ ಪಗಾರದಲ್ಲಿ ರೂಪಾಯಿಗೆ ಒಂದಾಣೆ, ಅದಕ್ಕಿಂತ ಹೆಚ್ಚು ಖರ್ಚು ಮಾಡುವವನನ್ನು ನಂಬಬಾರದು ಎಂದು ಅವರು ಕೆಲಸಕ್ಕೆ ಸೇರಿದವರಿಗೆಲ್ಲ ಮೊದಲ ದಿನವೇ ಹೇಳುತ್ತಿದ್ದರು. ಹೇಳುವವರ ಮೈಮೇಲೆ ಸೊಗಸಾದ ಉಣ್ಣೆಯ ಕೋಟು. ಅದು ರೂಪಾಯಿಗೆ ಒಂದಾಣೆಯಂತೆ ಬಂದಿದ್ದರೆ ಇವರ ಪಗಾರ ಎಷ್ಟಿರಬೇಕು ಎಂದು ಗುಮಾಸ್ತರು ಹಿಂದಿನಿಂದ ಲೆಕ್ಕ ಹಾಕಿ ನಿಟ್ಟುಸಿರು ಬಿಡುತ್ತಿದ್ದರು. ಸಾಹೇಬರ ಇನ್ನೊಂದು ಠೀವಿಯೂ ಇತ್ತು. ಕಿಸೆಯೊಳಗಿನ ಪೆನ್ನನ್ನು ಎಡಗೈಯಿಂದ ತೆಗೆದು, ಬಲಗೈಗೆ ದಾಟಿಸಿ, ಆಮೇಲೆ ಬರೆಯುತ್ತಿದ್ದರು. ಸಾಹುಕಾರಿಕೆ ಎಂದರೆ ಹೀಗಿರಬೇಕು ಎಂದು ಕಚೇರಿಗೆ ಕಚೇರಿಯೇ ಅದನ್ನು ನಕಲು ಮಾಡುತ್ತಿತ್ತು. ಉಳವಪ್ಪನೂ ಖೋಲಿಯ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದ್ದ. ಎಡಗಡೆಯ ಕಿಸೆಗೆ ಎಡಗೈ ಹಾಕಹೋದರೆ ರೆಕ್ಕೆ ತಿರುಚಿದ ಕೋಳಿಯಂತಾಗುತ್ತಿತ್ತು. ಆದರೂ ಬಿಟ್ಟಿರಲಿಲ್ಲ.

ಸೋಮವಾರ ಮೈಲಾರಪ್ಪನವರು ಅವನನ್ನು ಒಳಗೆ ಕರೆದರು. ಖಜಾಂಚಿಯ ಜಾಗ ಖಾಲಿಯಾಗಿತ್ತು, ಕಾಯಂ ನೌಕರಿ. ನೌಕರಿ ಕಾಯಂ ಆಗುವ ತನಕ ಮಗಳು ರುಕ್ಮವ್ವನ ಮಾತೆತ್ತಬೇಡ ಎಂದು ಮುಗದ ಊರಿನ ಸೋದರಮಾವ ಹೇಳಿ ವರ್ಷವಾಗಿತ್ತು. ಈ ದೀಪಾವಳಿಯ ಮೇಲೆ ತಾನು ಬೇರೆ ಗಂಡು ನೋಡುವುದಾಗಿಯೂ ಹೇಳಿ ಕಳಿಸಿದ್ದ. ಉಳವಪ್ಪ ಒಂದು ಕಡತವನ್ನು ಬಲಗಡೆಯ ಎದೆಗೆ ಅವಚಿಕೊಂಡು, ಎಡಗೈಯಿಂದಲೇ ನಮಸ್ಕಾರದಂಥದ್ದೇನೋ ಮಾಡಿ ನಿಂತ.

“ಹೊಸಾ ಕೋಟೇನಪಾ?” ಎಂದರು ಮೈಲಾರಪ್ಪನವರು.

ಸುಮ್ಮನೆ ನಕ್ಕಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಕೋಟಿನ ಬಗ್ಗೆ ಕೇಳುವವರಿಗಾಗಿ ಅವನು ಎರಡು ವರ್ಷ ಕಾದಿದ್ದ. “ಹೌದ್ರಿ,” ಎಂದ. ಅಷ್ಟಕ್ಕೆ ನಿಲ್ಲದೆ, “ಮೂವತ್ತೆರಡು ರೂಪಾಯಿರಿ,” ಎಂದೂ ಸೇರಿಸಿದ.

ಮೈಲಾರಪ್ಪನವರು ಮುಂದಿದ್ದ ನೇಮಕದ ಕಾಗದವನ್ನು ಮಗುಚಿ ಇಟ್ಟರು.

“ಇಪ್ಪತ್ನಾಕು ಗಳಿಸಾಂವ ಮೈಮ್ಯಾಲ ಮೂವತ್ತೆರಡು ಹೊತಗೊಂಡು ಬಂದ್ರ, ಅಂಥವನ ಕೈಯಾಗ ನಾ ತಿಜೋರಿ ಕೀಲಿ ಹೆಂಗ ಕೊಡ್ಲೆಪಾ?”

ಬೇರೆ ಯಾವನೋ ಒಬ್ಬನ ಹಿಂದೆ ರುಕ್ಮವ್ವ ಚಕ್ಕಡಿ ಹತ್ತುವುದು ಉಳವಪ್ಪನ ಕಣ್ಣಿಗೆ ಕಟ್ಟಿತು. ಆ ಯಾವನೋ ಮೈಮೇಲೆ ಕಂಬಳಿ ಹೊದ್ದಿದ್ದ. ಕೋಟಿನ ಹಂಗೇ ಅವನಿಗೆ ಇರಲಿಲ್ಲ. ತನ್ನ ಮರ್ಯಾದೆಯ ಬೆಲೆ ಎಷ್ಟೆಂದು ಉಳವಪ್ಪ ಮನಸ್ಸಿನಲ್ಲೇ ತೂಗಿ ನೋಡಿದ. ದರ್ಜಿಗೆ ಕೊಟ್ಟ ಮೂರು ರೂಪಾಯಿಗಿಂತ ಹೆಚ್ಚು ಬೀಳಲಿಲ್ಲ. ಎದೆಗೆ ಅವಚಿದ್ದ ಕಡತವನ್ನು ಮೆಲ್ಲಗೆ ಕೆಳಗಿಳಿಸಿದ.

“ಸುಳ್ಳ ಹೇಳಿದೆ, ಸಾಹೇಬರ. ಹಳೇದರಿ. ತಿರುವಿ ಹೊಲಿಸೇನಿ. ಬೇಕಾದ್ರ ಕಿಸೆ ನೋಡ್ರಿ, ಬಲಗಡಿ ಬಂದದ.”

ಮೈಲಾರಪ್ಪನವರು ನೋಡಿದರು. ಬಹಳ ಹೊತ್ತು ಆ ಕಿಸೆಯನ್ನೇ ನೋಡುತ್ತ ಕುಳಿತರು. ನಗುತ್ತಾರೆ, ಹೊರಗಿನ ಗುಮಾಸ್ತರನ್ನೂ ಕರೆದು ನಗಿಸುತ್ತಾರೆ ಎಂದು ಉಳವಪ್ಪ ತಲೆ ತಗ್ಗಿಸಿದ. ಅವರು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು. ಕಾಗದವನ್ನು ಮತ್ತೆ ಮಗುಚಿದರು. ಎಡಗೈಯನ್ನು ಎದೆಯ ಬಲಕ್ಕೆ ಒಯ್ದು ಪೆನ್ನು ತೆಗೆದು, ಬಲಗೈಗೆ ದಾಟಿಸಿ ಸಹಿ ಹಾಕಿದರು.

“ತಿರುವಿದಾಂವ ಯಾರು, ಗೌಸಮೊದ್ದೀನ?”

“ಹೌದ್ರಿ.”

“ಎಷ್ಟು ತಗೊಂಡ?”

“ಮೂರು ರೂಪಾಯಿರಿ.”

ಮೈಲಾರಪ್ಪನವರು ಸಹಿಯ ಮೇಲಿನ ಶಾಯಿ ಆರುವ ತನಕ ಉಫ್ ಎಂದು ಊದಿದರು. ಪೆನ್ನನ್ನು ಎಡಗೈಗೆ ದಾಟಿಸಿ, ಮೊದಲಿದ್ದಲ್ಲೇ ಸಿಕ್ಕಿಸಿ, ಕಿಸೆಯ ಮೇಲೆ ಅಂಗೈ ಮುಚ್ಚಿದರು.

“ನನ್ನ ಹತ್ರ ನಾಕು ತಗೊಂಡಾನ,” ಎಂದರು.