ಬದುಕುಳಿದ ನಾಯಿ

"ನಾಯಿ ಸಾಯೋದು ಬೇಡ," ಎಂದ ನಿರ್ಮಾಪಕ, ಚಿತ್ರವನ್ನು ಅಲ್ಲಿಗೇ ನಿಲ್ಲಿಸಿ.

ಪಕ್ಕದಲ್ಲಿದ್ದ ಚಿತ್ರಗಾರ್ತಿ ತಟ್ಟನೆ ಅವನತ್ತ ತಿರುಗಿದಳು. ಚಿತ್ರಕ್ಕೆ ಆಧಾರವಾದದ್ದು ಮೂರು ತಲೆಮಾರಿನ ಮಕ್ಕಳು ಓದಿ ಅತ್ತ ಕಾದಂಬರಿ. ಒಂಬತ್ತನೇ ವಯಸ್ಸಿನಲ್ಲಿ ಅವಳೂ ನಾಯಿ ಸಾಯುವ ಪುಟದ ಮೇಲೆ ಗೊಳೋ ಎಂದು ಅತ್ತಿದ್ದಳು. ಆ ಋಣಕ್ಕೇ ಈ ಹನ್ನೊಂದು ನಿಮಿಷದ ಅನಿಮೇಷನ್ ಒಪ್ಪಿಕೊಂಡದ್ದು. ಮುದಿನಾಯಿಯ ಕೊನೆಯುಸಿರೊಂದಕ್ಕೇ ಇನ್ನೂರು ಹಾಳೆ ಚಿತ್ರ ಬರೆದದ್ದು.

"ಸರ್, ಕಥೆಯ ಜೀವ ಇರೋದೇ ಅದು ಸಾಯೋದ್ರಲ್ಲಿ."

"ಪುಸ್ತಕದಲ್ಲಿ ಸಾಯ್ಲಿ ಬಿಡಮ್ಮ. ಇದನ್ನ ನನ್ನ ಮೊಮ್ಮಗಳು ನೋಡ್ತಾಳೆ. ಮಕ್ಕಳನ್ನ ಅಳಿಸಿ ಏನು ಕಟ್ಕೋಬೇಕು?"

"ಆಮೇಲಿನ ನಾಲ್ಕು ನಿಮಿಷದಲ್ಲಿ ನಾಯೀನೇ ಇಲ್ವಲ್ಲ! ಬದುಕಿದ್ರೆ ಪ್ರತಿ ಹಾಳೆಯಲ್ಲೂ ಅದನ್ನ ಬರೀಬೇಕು. ಪ್ರದರ್ಶನ ಶುಕ್ರವಾರ."

ನಿರ್ಮಾಪಕ ಗಲ್ಲ ಕೆರೆದುಕೊಂಡ. ಹಾವೂ ಸಾಯದೆ ಕೋಲೂ ಮುರಿಯದೆ ಕೆಲಸ ಮುಗಿಸುವುದರಲ್ಲಿ ಅವನದು ಪಳಗಿದ ಕೈ. "ಬರೀಬೇಡ, ಬೊಗಳಿಸು ಸಾಕು. ಹೊರಗಡೆಯಿಂದ ದನಿ ಕೇಳಿದ್ರೆ ಬದುಕಿದೆ ಅಂತ ಗೊತ್ತಾಗುತ್ತೆ. ಆಗಲ್ಲ ಅಂದ್ರೆ ಹೇಳು, ಬೇರೆಯವರಿದ್ದಾರೆ."

ಇನ್ನೂರು ಹಾಳೆ ಕಪಾಟು ಸೇರಿದವು. ಧ್ವನಿ ಜೋಡಿಸುವವನು ಒಂದೇ ಗಂಟೆಯಲ್ಲಿ ಆರು ಬೊಗಳು ಅಂಟಿಸಿ ಕೈ ತೊಳೆದುಕೊಂಡ.

ಶುಕ್ರವಾರ ಸಭಾಂಗಣದ ತುಂಬ ಮಕ್ಕಳು. ಪರದೆಯ ಮೇಲೆ ಮನೆಯವರೆಲ್ಲ ಒಲೆಯ ಸುತ್ತ ತಲೆತಗ್ಗಿಸಿ ಕೂತಿದ್ದರು. ಸತ್ತ ನಾಯಿಗಾಗಿ ದುಃಖಿಸಲೆಂದು ಬರೆದ ಮುಖಗಳು. ಕಿಟಕಿಯಾಚೆ ಹಿಮ. ಹೊರಗಿನಿಂದ ಒಂದು ಬೊಗಳು. ಯಾರೂ ಕದಲಲಿಲ್ಲ. ಮತ್ತೊಂದು ಬೊಗಳು. ತಾಯಿ ಬಿಸಿ ಸೂಪು ಬಡಿಸಿದಳು. ಅಪ್ಪ ದೀಪ ಆರಿಸಿದ. ಹುಡುಗ ಕಂಬಳಿಯನ್ನು ಕಿವಿಯವರೆಗೆ ಎಳೆದುಕೊಂಡ.

"ಬಾಗಿಲು ತೆಗೀರೋ!" ಹಿಂದಿನ ಸಾಲಿನಿಂದ ಯಾರೋ ಕೂಗಿದರು.

"ಅಯ್ಯೋ, ಚಳಿ ಅದಕ್ಕೆ!"

"ಪಾಪಿ ಅಮ್ಮ!"

ನೋಡನೋಡುತ್ತಿದ್ದಂತೆ ಇಡೀ ಸಭಾಂಗಣ ಬಿಕ್ಕತೊಡಗಿತು. ತಾಯಂದಿರು ಕರವಸ್ತ್ರಕ್ಕೆ ತಡಕಾಡಿದರು. ಚಿತ್ರಗಾರ್ತಿ ತನ್ನ ಕುರ್ಚಿಯಲ್ಲಿ ಹುದುಗಿ ಕೂತಳು. ಮುಂದಿನ ಸಾಲಿನಲ್ಲಿ ನಿರ್ಮಾಪಕ ಮೊಮ್ಮಗಳ ಕೆನ್ನೆ ಒರೆಸುತ್ತಿದ್ದ.

"ಅಳಬೇಡ ಪುಟ್ಟೀ, ಅದು ಸತ್ತಿಲ್ಲ. ಕೇಳಿಸ್ಕೋ, ಬದುಕಿದೆ!"

"ಅದಕ್ಕೇ ತಾತ!" ಎಂದು ಅವನ ಕೈ ಕೊಸರಿಕೊಂಡು ಹುಡುಗಿ ಓಡಿದಳು. ಪರದೆಯ ಮೇಲೆ ಬಾಗಿಲಿದ್ದ ಜಾಗದಲ್ಲಿ ತುದಿಗಾಲಲ್ಲಿ ನಿಂತು, ಎರಡೂ ಕೈಯಲ್ಲಿ ಚಿಲಕಕ್ಕಾಗಿ ತಡಕಾಡತೊಡಗಿದಳು.